ಪ್ಲಾಸ್ಟಿಕ್ ಗನ್ನಿಗೆ ವಯಸ್ಸು ಬರಿಸಿದ್ದು

ರಾತ್ರಿ ಹನ್ನೊಂದೂವರೆ. ಮೇಜಿನ ಮುಂದೆ ಕೂತು ಒಂದು ಲಿವರನ್ನು ಮೇಲೆ ಕೆಳಗೆ ಮಾಡುತ್ತಿದ್ದೇನೆ. ಟಕ್. ಟಕ್. ಟಕ್. ಪಕ್ಕದ ಕೋಣೆಯಿಂದ ಅಕ್ಕನ ದನಿ ಬಂತು.

"ಏನೋ ಅದು ಹಲ್ಲಿ ಥರ ಲೊಚಗುಟ್ಟೋದು? ಮಲಗೋಕೆ ಬಿಡ್ತೀಯಾ ಇಲ್ವಾ?"

"ಇನ್ನೊಂದೈವತ್ತು ಸಲ ಅಷ್ಟೇ ಅಕ್ಕ."

"ಏನು ಐವತ್ತು ಸಲ?"

ಏನಂತ ಹೇಳಲಿ? ಒಳ್ಳೇ ಹೊಸ ವಸ್ತುವನ್ನು ಕೂತು ಸವೆಸುತ್ತಿದ್ದೇನೆ ಅಂದರೆ ಬೈಸಿಕೊಳ್ಳಬೇಕಾಗುತ್ತದೆ. ಸುಮ್ನೆ ಇದ್ದೆ. ಅವಳಿಗೆ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ವಸ್ತು ಒಂದು ಏರ್‌ಸಾಫ್ಟ್ ಗನ್. ಗೊತ್ತಿಲ್ಲದವರಿಗೆ ಎರಡು ಮಾತು: ಇದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್. 1970ರ ದಶಕದ ಜಪಾನಿನಲ್ಲಿ ಹುಟ್ಟಿದ್ದು. ಅಲ್ಲಿ ಸಾಮಾನ್ಯ ಜನಕ್ಕೆ ನಿಜವಾದ ಬಂದೂಕು ಸಿಗುವುದು ಕಷ್ಟ, ಹಾಗಾಗಿ ನೋಡೋಕಾದರೂ ಹಾಗೇ ಇರಲಿ ಅಂತ ಶುರುವಾದ ಹುಚ್ಚು. ನನ್ನದು ಎ.ಕೆ. ಮಾದರಿ, ಬ್ಯಾಟರಿಯಲ್ಲಿ ನಡೆಯುವಂಥದ್ದು. ಮೈಯೆಲ್ಲ ಎಬಿಎಸ್ ಪ್ಲಾಸ್ಟಿಕ್. ಡಬ್ಬಿಯಿಂದ ತೆಗೆದಾಗ ಬಾಚಣಿಗೆ ಥರ ಮಿರಮಿರ ಮಿಂಚುತ್ತಿತ್ತು. ಮರದ ಭಾಗ ಅಂತ ಕೊಟ್ಟಿದ್ದರಲ್ಲ, ಅದೂ ಪ್ಲಾಸ್ಟಿಕ್ಕೇ, ಚಾಕೊಲೇಟ್ ಬಣ್ಣದ್ದು. ಮಧ್ಯದಲ್ಲಿ ಉದ್ದಕ್ಕೂ ಅಚ್ಚಿನ ಗೆರೆ ಬೇರೆ. ಇದನ್ನು ಬಣ್ಣ ಹೊಡೆದು, ಸವೆಸಿ, ವರ್ಷಗಟ್ಟಲೆ ಬಳಸಿದ ನಿಜವಾದ ಗನ್ನಿನ ಹಾಗೆ ಕಾಣಿಸಬೇಕು ಅನ್ನುವುದು ನನ್ನ ಹಟ.

ನನ್ನ ಹೊಟ್ಟೆಪಾಡು ಹಲ್ಲು ಮಾಡುವುದು. ದಂತವೈದ್ಯರು ಅಳತೆ ಕಳಿಸುತ್ತಾರೆ, ನಾವು ಲ್ಯಾಬ್‌ನಲ್ಲಿ ಕ್ಯಾಪ್ ಮಾಡಿ ಬಣ್ಣ ಕೂಡಿಸಿ ಕೊಡುತ್ತೇವೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೊದಲ ಹಲ್ಲನ್ನು ಯಾವಾಗಲೂ ಹಾಲಿನಂತೆ ಬಿಳೀ ಮಾಡುತ್ತಾರೆ. ಬಾಯಲ್ಲಿಟ್ಟರೆ ಅದೊಂದೇ ಎದ್ದು ಕಾಣುತ್ತದೆ. ವಸಡಿನ ಹತ್ತಿರ ಸ್ವಲ್ಪ ಹಳದಿ, ದವಡೆ ಹಲ್ಲಿನ ಸಂದುಗಳಲ್ಲಿ ಕೂದಲೆಳೆಯಷ್ಟು ಕಂದು, ತುದಿಯಲ್ಲಿ ಅರೆಪಾರದರ್ಶಕ. ಇಷ್ಟು ಬಂದರೆ ಯಾರೂ ಗುರುತು ಹಿಡಿಯಲ್ಲ. ಹತ್ತು ವರ್ಷದಿಂದ ಇದನ್ನೇ ಮಾಡುತ್ತಿರುವ ನನಗೆ ಗನ್ನಿಗೆ ಬಣ್ಣ ಹೊಡೆಯುವುದು ಯಾವ ಮಹಾ ಅಂದುಕೊಂಡಿದ್ದೆ.

ಮೊದಲನೇ ಪ್ರಯತ್ನ ಈ ಎ.ಕೆ. ಅಲ್ಲ, ಒಂದು ಸ್ಪ್ರಿಂಗ್ ಪಿಸ್ತೂಲು. ಗ್ಲಾಕ್ ನಮೂನೆಯದ್ದು. ವಿಡಿಯೊ ನೋಡಿ ಬೆಳ್ಳಿ ಬಣ್ಣ ತಂದೆ. ಬ್ರಷ್ಷಿಗೆ ಹಚ್ಚಿ, ಮುಕ್ಕಾಲು ಪಾಲು ಬಟ್ಟೆಗೆ ಒರೆಸಿ, ಉಳಿದದ್ದನ್ನು ಅಂಚುಗಳ ಮೇಲೆ ಸವರುತ್ತಾ ಹೋದೆ. ಡ್ರೈ ಬ್ರಷ್ ಅಂತಾರೆ ಇದಕ್ಕೆ. ಎಷ್ಟು ಖುಷಿ ಕೊಡುತ್ತೆ ಗೊತ್ತಾ, ನಿಲ್ಲಿಸೋಕೇ ಮನಸ್ಸಾಗಲ್ಲ. ಮೂಲೆಮೂಲೆಗೂ ಬೆಳ್ಳಿ. ಮರುದಿನ ಏರ್‌ಸಾಫ್ಟ್ ಆಡುವ ಗೆಳೆಯನಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದ.

"ಬೂದಿ ಗುಡ್ಡೆಲಿ ಬಿದ್ದಿತ್ತೇನೋ ಇದು?"

ಆಮೇಲೆ ಹಿಡಿಕೆಯ ಕಡೆ ಬೆರಳು ತೋರಿಸಿದ. "ಇಲ್ಲಿ ಯಾಕೋ ಬೆಳ್ಳಿ? ನಿಜವಾದ ಗ್ಲಾಕಿನಲ್ಲೂ ಈ ಭಾಗ ಪ್ಲಾಸ್ಟಿಕ್ಕೇ ಕಣೋ."

ಹೌದು. 1980ರ ದಶಕದಲ್ಲಿ ಬಂದಾಗಲೇ ಅದರ ಸುದ್ದಿಯೇ ಅದಾಗಿತ್ತು. ಮೇಲಿನ ಸ್ಲೈಡ್ ಉಕ್ಕು, ಕೆಳಗಿನ ಫ್ರೇಮ್ ಪಾಲಿಮರ್. ಪ್ಲಾಸ್ಟಿಕ್ ಗೀರಿದರೆ ಒಳಗಡೆಯೂ ಪ್ಲಾಸ್ಟಿಕ್ಕೇ ಇರುತ್ತೆ. ನಿಜವಾದ ಗನ್ನಿನಲ್ಲೇ ಪ್ಲಾಸ್ಟಿಕ್ ಆಗಿರುವ ಜಾಗವನ್ನು ನಾನು ಲೋಹ ಮಾಡಿಬಿಟ್ಟಿದ್ದೆ! ಆ ಪಿಸ್ತೂಲು ಈಗಲೂ ಡ್ರಾಯರಿನಲ್ಲಿದೆ. ಸ್ಲೈಡ್ ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಬರಲ್ಲ. ಯಾಕೆಂದರೆ ಜಾರುವ ಹಳಿಗಳ ಮೇಲೂ ಬಣ್ಣ ಹೊಡೆದಿದ್ದೆ. ಬಣ್ಣಕ್ಕೂ ದಪ್ಪ ಅಂತ ಒಂದಿದೆ, ಅದು ಆಗ ಹೊಳೆದಿರಲಿಲ್ಲ.

ಸವೆತ ಹೇಗಿರುತ್ತೆ ಅಂತ ನನಗೆ ಕಲಿಸಿದ್ದು ನನ್ನದೇ ಇಕ್ಕಳ. ಲ್ಯಾಬ್‌ನಲ್ಲಿ ತಂತಿ ಬಗ್ಗಿಸೋಕೆ ದಿನಾ ಹಿಡಿಯುವಂಥದ್ದು. ತಲೆಭಾಗಕ್ಕೆ ಕಪ್ಪು ಲೇಪ. ಉಕ್ಕಿನ ಮೇಲ್ಮೈಯನ್ನೇ ರಾಸಾಯನಿಕದಿಂದ ಮ್ಯಾಗ್ನೆಟೈಟ್ ಅನ್ನುವ ಕಪ್ಪು ಕಬ್ಬಿಣದ ಆಕ್ಸೈಡ್ ಮಾಡಿರುತ್ತಾರೆ. ಹಳೇ ಬಂದೂಕುಗಳ ನೀಲಿಗಪ್ಪು ಹೊಳಪೂ ಹೆಚ್ಚುಕಮ್ಮಿ ಇದೇ ಜಾತಿ. ಒಂದು ಮಧ್ಯಾಹ್ನ ಕೆಲಸ ಕಮ್ಮಿ ಇತ್ತು. ಹಲ್ಲು ನೋಡುವ ಭೂತಗನ್ನಡಿಯಲ್ಲೇ ಇಕ್ಕಳವನ್ನು ನೋಡಿದೆ. ಮೂಗಿನ ತುದಿಯಲ್ಲಿ ಕಪ್ಪು ಪೂರ್ತಿ ಹೋಗಿ ಬರೀ ಲೋಹ. ಎರಡು ಕಾಲು ಒಂದರ ಮೇಲೊಂದು ಜಾರುವ ಕಡೆ ಅರ್ಧಚಂದ್ರದಂಥ ಹೊಳೆಯುವ ಪಟ್ಟಿ. ಹೆಬ್ಬೆರಳು ಕೂರುವ ಜಾಗದಲ್ಲಿ ಒಂದೂ ಗೀರಿಲ್ಲ, ಆದರೆ ಕಪ್ಪು ತಿಳಿಯಾಗಿ ನುಣ್ಣಗಾಗಿದೆ. ಕೀಲಿನ ಸುತ್ತ ಕಂದು ಕೊಳೆ. ಉಳಿದ ಕಡೆ? ಏನೂ ಇಲ್ಲ. ಮುಕ್ಕಾಲು ಭಾಗ ಹೊಸದರ ಹಾಗೇ ಇದೆ. ಹತ್ತು ವರ್ಷ ದುಡಿದ ಇಕ್ಕಳದ ಮೇಲೆ ನನ್ನ ಪಿಸ್ತೂಲಿನ ಮೇಲಿದ್ದಷ್ಟು ಬೆಳ್ಳಿ ಇರಲಿಲ್ಲ.

ಅಲ್ಲಿಂದಾಚೆ ಒಂದು ಅಭ್ಯಾಸ ಮಾಡಿಕೊಂಡೆ. ಬ್ರಷ್ ಎತ್ತುವ ಮುಂಚೆ ಕೇಳಿಕೊಳ್ಳುತ್ತೇನೆ: ಇಲ್ಲಿ ಯಾವುದು ಯಾವುದಕ್ಕೆ ಉಜ್ಜುತ್ತೆ? ಕೈಯಾ, ಬಟ್ಟೆಯಾ, ಇನ್ನೊಂದು ಲೋಹವಾ? ಉತ್ತರ ಸಿಗದಿದ್ದರೆ ಆ ಜಾಗ ಮುಟ್ಟಲ್ಲ.

ಎರಡನೇ ಪ್ರಶ್ನೆ, ಬಣ್ಣದ ಕೆಳಗೆ ಏನಿದೆ. ಎಂ4 ಅನ್ನುವ ಅಮೆರಿಕನ್ ರೈಫಲಿನ ರಿಸೀವರ್, ಅಂದರೆ ಗನ್ನಿನ ನಡುಮೈ, ನಿಜದಲ್ಲಿ ಅಲ್ಯೂಮಿನಿಯಂ, ಆನೋಡೈಸ್ ಮಾಡಿದ್ದು, ಅಂದರೆ ಮೇಲ್ಮೈಯನ್ನೇ ಗಟ್ಟಿ ಆಕ್ಸೈಡ್ ಪದರ ಮಾಡಿರುವುದು. ಸವೆದರೆ ಮಂಕಾದ ಬಿಳಿಬೂದು ಕಾಣಬೇಕು. ಅದಕ್ಕೆ ತುಕ್ಕಿನ ಬಣ್ಣ ಹಚ್ಚುವವರನ್ನು ನೋಡಿದರೆ ನನಗೆ ನಗು ಬರುತ್ತೆ, ಅಲ್ಯೂಮಿನಿಯಂ ಎಲ್ಲಾದರೂ ಕೆಂಪು ತುಕ್ಕು ಹಿಡಿಯುತ್ತಾ? ಎ.ಕೆ. ಬೇರೆ. 1959ರ ಎ.ಕೆ.ಎಂ. ನಮೂನೆಯದ್ದು ತಗಡನ್ನು ಬಡಿದು ಮಡಿಚಿ ಮಾಡಿದ ಉಕ್ಕಿನ ಮೈ. ಸೋವಿಯತ್ ಕಾಲದವುಗಳಲ್ಲಿ ಉಕ್ಕಿನ ಮೇಲೆ ಬೂದು ಫಾಸ್ಫೇಟ್ ಪದರ, ಅದರ ಮೇಲೆ ಕಪ್ಪು ಬಣ್ಣ. ಅಂದರೆ ಸವೆತ ಎರಡು ಮೆಟ್ಟಿಲಲ್ಲಿ ಇಳಿಯುತ್ತೆ. ಕಪ್ಪು ಹೋಗಿ ಬೂದು, ಬೂದು ಹೋಗಿ ಲೋಹ. ಕಪ್ಪಿನ ಪಕ್ಕದಲ್ಲೇ ಬೆಳ್ಳಿ ಬಂದರೆ ಏನೋ ಸರಿಯಿಲ್ಲ ಅಂತ ಕಣ್ಣು ಹೇಳುತ್ತೆ. ಕಾರಣ ಗೊತ್ತಿಲ್ಲದವರ ಕಣ್ಣೂ ಹೇಳುತ್ತೆ.

ಕೆಲಸಕ್ಕೆ ಹೋಗುವ ಮುಂಚೆ ಒಂದು ಮಾತು, ಇದನ್ನು ಹಾರಿಸಿ ಓದಬೇಡಿ. ಇದು ಆಟದ ಗನ್ ಅಂತ ಗುರುತಿಗೆ ನಳಿಗೆಯ ತುದಿಗೆ ಹಾಕಿರುವ ಕಿತ್ತಳೆ ಬಣ್ಣವನ್ನು ನಾನು ಮುಟ್ಟಲ್ಲ. ಮಾಸ್ಕಿಂಗ್ ಟೇಪ್ ಸುತ್ತಿ ಹಾಗೇ ಬಿಡುತ್ತೇನೆ. ಚೆಂದ ಕೆಡುತ್ತೆ ನಿಜ. ಕೆಡಲಿ. 2014ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಪಾರ್ಕಿನಲ್ಲಿ ಏರ್‌ಸಾಫ್ಟ್ ಪಿಸ್ತೂಲು ಹಿಡಿದಿದ್ದ. ಅದಕ್ಕೆ ಕಿತ್ತಳೆ ತುದಿ ಇರಲಿಲ್ಲ. ಪೊಲೀಸರು ಕಾರು ನಿಲ್ಲಿಸಿದ ಕೆಲವೇ ಸೆಕೆಂಡಿನಲ್ಲಿ ಗುಂಡು ಹಾರಿಸಿದರು, ಮಗು ಸತ್ತುಹೋಯಿತು. ಇನ್ನು ಬ್ರಿಟನ್ನಿನಲ್ಲಿ 2006ರ ಕಾಯ್ದೆಯ ಪ್ರಕಾರ ಕಣ್ಣು ಕುಕ್ಕುವ ನೀಲಿಯೋ ಹಸಿರೋ ಇರುವ ಆಟದ ಗನ್ನಿಗೆ ಕಪ್ಪು ಹೊಡೆದು ನಿಜದಂತೆ ಮಾಡುವುದೇ ಅಪರಾಧ ಆಗಬಹುದು. ಆಟಗಾರರಿಗೆ ವಿನಾಯಿತಿ ಇದೆ, ಎಲ್ಲರಿಗೂ ಇಲ್ಲ. ನಿಮ್ಮಲ್ಲಿ ಕಾನೂನು ಏನಿದೆ ನೋಡಿಕೊಂಡು ಆಮೇಲೆ ಸ್ಪ್ರೇ ಡಬ್ಬಿ ಅಲ್ಲಾಡಿಸಿ. ನನ್ನದು ಮನೆಯಿಂದ ಹೊರಗೆ ಹೋದರೆ ಜಿಪ್ ಹಾಕಿದ ಚೀಲದಲ್ಲೇ ಹೋಗುವುದು. ಬಾಲ್ಕನಿಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವುದೂ ಇಲ್ಲ.

ಸರಿ, ಕೆಲಸ. ಬ್ಯಾಟರಿ ಕಳಚಿ, ಮ್ಯಾಗಜೀನ್ ತೆಗೆದು, ಒಳಗೆ ಗುಂಡು ಉಳಿದಿಲ್ಲ ಅಂತ ನೋಡಿ, ಪೂರ್ತಿ ಬಿಚ್ಚಿದೆ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಟೇಪಿಗೆ ಅಂಟಿಸಿಟ್ಟೆ. ಅಚ್ಚಿನ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, 400, ಆಮೇಲೆ 800 ನಂಬರಿನ ಸ್ಯಾಂಡ್‌ಪೇಪರನ್ನು ನೀರಲ್ಲಿ ನೆನೆಸಿ ಉಜ್ಜಿದೆ. ಬೇಜಾರಿನ ಕೆಲಸ. ಆದರೆ ಆ ಗೆರೆಯೊಂದು ಉಳಿದರೆ ಮೇಲೆ ಏನು ಮಾಡಿದರೂ ಆಟದ ಸಾಮಾನೇ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಳೇ ಟೂತ್‌ಬ್ರಷ್ ಹಾಕಿ ತಿಕ್ಕಿದೆ. ಅಚ್ಚಿನಿಂದ ಬಿಡಿಸೋಕೆ ಕಾರ್ಖಾನೆಯಲ್ಲಿ ಹಾಕುವ ಜಿಡ್ಡು ಮೈಮೇಲೆ ಹಾಗೇ ಕೂತಿರುತ್ತೆ. ಪಿಸ್ತೂಲಿಗೆ ಇದನ್ನು ಮಾಡದೆ ಹೋಗಿ, ಟೇಪ್ ಕಿತ್ತಾಗ ಬಣ್ಣವೂ ಬಾಳೆಹಣ್ಣಿನ ಸಿಪ್ಪೆ ಥರ ಎದ್ದು ಬಂದಿತ್ತು. ಥಿನ್ನರ್, ಅಸಿಟೋನ್ ಹಾಕಿ ಒರೆಸೋಕೆ ಹೋಗಬೇಡಿ. ಅಸಿಟೋನಿಗೆ ಎಬಿಎಸ್ ಕರಗಿಹೋಗುತ್ತೆ. ಲ್ಯಾಬ್‌ನಿಂದ ತಂದ ಎರಡು ಹನಿ ಅಸಿಟೋನ್ ಒಂದು ಮ್ಯಾಗಜೀನಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತನ್ನು ಕಾಯಂ ಆಗಿ ಉಳಿಸಿದೆ.

ಒಳಗಿನ ನಳಿಗೆ, ಗುಂಡಿಗೆ ಹಿಮ್ಮುಖ ತಿರುಗು ಕೊಡುವ ಹಾಪ್-ಅಪ್, ಜಾರುವ ಭಾಗ, ಮ್ಯಾಗಜೀನ್ ಕೂರುವ ಗೂಡಿನ ಒಳಗೋಡೆ, ಇಷ್ಟಕ್ಕೂ ಟೇಪ್.

ಪದರಗಳ ಲೆಕ್ಕ ಹೀಗೆ: ಬೂದು ಪ್ರೈಮರ್, ಉಕ್ಕಿನ ಬಣ್ಣ, ಅದರ ಮೇಲೆ ಹೊಳಪಿನ ವಾರ್ನಿಶ್, ಆಮೇಲೆ ಗಾಢ ಬೂದು, ಕೊನೆಗೆ ಕಪ್ಪು. ಎಲ್ಲಾ ಒಂದೇ ಜಾತಿಯ ಅಕ್ರಿಲಿಕ್ ಸ್ಪ್ರೇ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಮುದುಕರ ಕೈ ಥರ ಸುಕ್ಕುಗಟ್ಟುತ್ತೆ. ಡಬ್ಬಿಯನ್ನು 20-25 ಸೆಂ.ಮೀ. ದೂರ ಹಿಡಿದು, ವಸ್ತುವಿನ ಆಚೆಯಿಂದ ಶುರು ಮಾಡಿ ಈಚೆ ಮುಗಿಸಿದೆ. ಒಂದೇ ಸಲಕ್ಕೆ ಮುಚ್ಚಿಬಿಡೋಣ ಅನಿಸುತ್ತೆ, ತಡಕೊಳ್ಳಬೇಕು. ಮೊದಲ ಕೋಟ್ ಅರ್ಧಂಬರ್ಧ ಕಂಡರೇ ಸರಿ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳಿನ ಮಾಸ್ಕೂ ಸಾಲದು. ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಪ್ಪು ಅಂದೆನಲ್ಲ, ಅದು ಅಚ್ಚಗಪ್ಪು ಆಗಬಾರದು. ಕಪ್ಪು ಇನ್ನೂ ಹಸಿ ಇದ್ದಾಗಲೇ ದೂರದಿಂದ ಗಾಢ ಬೂದನ್ನು ಮಂಜಿನಂತೆ ಒಂದು ಸಲ ಊದಿದೆ. ಇದನ್ನೆಲ್ಲ ಮುಗಿಸಿ ಒಂದು ವಾರ ಅಟ್ಟದ ಮೇಲಿಟ್ಟೆ. ಒಂದು ವಾರ! ದಿನಾ ಹೋಗಿ ಮೂಸಿ ನೋಡುತ್ತಿದ್ದೆ. ಬಣ್ಣದ ವಾಸನೆ ಬರುತ್ತಿದೆ ಅಂದರೆ ಇನ್ನೂ ಒಣಗಿಲ್ಲ ಅಂತ.

ಈಗ ಆ ಲಿವರಿನ ಸಂಗತಿ.

ಎ.ಕೆ.ಯ ಬಲಮಗ್ಗುಲಲ್ಲಿ ಉದ್ದನೆಯ ತಗಡಿನ ಸೆಲೆಕ್ಟರ್ ಲಿವರ್ ಇರುತ್ತೆ. ಹಿಂದಿನ ತುದಿ ಕೀಲು, ಮುಂದಿನ ತುದಿ ಮೇಲೆ ಕೆಳಗೆ ಆಡುತ್ತೆ. ಮೇಲಿದ್ದರೆ ಸೇಫ್, ನಡುವೆ ಆಟೊಮ್ಯಾಟಿಕ್, ಕೆಳಗೆ ಒಂದೊಂದೇ ಗುಂಡು. ಆಡುವಾಗ ಪ್ರತಿ ಸಲ ಗನ್ನಿನ ಮೈಗೆ ಉಜ್ಜುತ್ತೆ. ಬಳಸಿದ ಯಾವ ಎ.ಕೆ.ಯ ಫೋಟೊ ನೋಡಿ, ಅಲ್ಲಿ ಒಂದು ಕಮಾನು ಕೆತ್ತಿದಂತೆ ಇರುತ್ತೆ. ಕೈವಾರದಲ್ಲಿ ಎಳೆದ ಹಾಗೆ. ಆ ಗನ್ನಿನ ಜಾತಕವೇ ಅದು.

ಅದನ್ನು ಮೊದಲು ಬ್ರಷ್ಷಿನಲ್ಲಿ ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಕಮಾನು ಬಂತು, ಆದರೆ ಯಾರೋ ಬರೆದದ್ದು ಅಂತ ಗೊತ್ತಾಗುತ್ತಿತ್ತು. ಇಕ್ಕಳ ನೆನಪಾಯಿತು. ಅದರ ಮೇಲಿನ ಅರ್ಧಚಂದ್ರವನ್ನು ಯಾರೂ ಬರೆದಿಲ್ಲ, ಅದೇ ಬರೆದುಕೊಂಡಿದ್ದು. ಇಲ್ಲೂ ಲಿವರಿಗೇ ಬಿಟ್ಟರೆ?

ಲಿವರ್ ಬಿಚ್ಚಿದೆ. ಒಳಮೈಯಲ್ಲಿ, ಮುಂದಿನ ತುದಿಯ ಹತ್ತಿರ, ಮೈಗೆ ತಾಗುವ ಪುಟ್ಟ ಉಬ್ಬಿದೆ. ಅದರ ಮೇಲೆ ಡಬಲ್ ಟೇಪಿನಲ್ಲಿ 1000 ನಂಬರಿನ ಸ್ಯಾಂಡ್‌ಪೇಪರಿನ ಕಾಳಿನಷ್ಟು ಚೂರು ಅಂಟಿಸಿದೆ. ವಾಪಸ್ ಕೂರಿಸಿ ಆಡಿಸತೊಡಗಿದೆ. ಇಪ್ಪತ್ತು ಸಲಕ್ಕೆ ಕಪ್ಪಿನ ಹೊಳಪು ಹೋಯಿತು, ಅಷ್ಟೇ. ಅರವತ್ತಕ್ಕೆ ಬೂದು ಗೆರೆ ಕಂಡಿತು. ನೂರು ದಾಟಿದ ಮೇಲೆ, ಲಿವರ್ ನಿಲ್ಲುವ ಮೂರು ಕಡೆ ಮೊದಲು ಲೋಹ ಇಣುಕಿತು, ಅವುಗಳ ನಡುವೆ ಇನ್ನೂ ಬೂದೇ ಇತ್ತು. ನಿಲ್ಲುವ ಕಡೆ ಒತ್ತಡ ಜಾಸ್ತಿ ಅಲ್ವಾ! ಇದು ನನಗೆ ಹೊಳೆದೇ ಇರಲಿಲ್ಲ. ಬ್ರಷ್ ಹಿಡಿದಿದ್ದರೆ ಈ ತುದಿಯಿಂದ ಆ ತುದಿಗೆ ಒಂದೇ ಸಮ ಎಳೆದಿರುತ್ತಿದ್ದೆ. ಆಮೇಲೆ ಸ್ಯಾಂಡ್‌ಪೇಪರ್ ಕಿತ್ತುಹಾಕಿ ಬರೀ ಲಿವರಿನಲ್ಲೇ ಆಡಿಸಿದೆ, ಗೀರಿನ ಒರಟು ಹೋಗಲಿ ಅಂತ. ಅಕ್ಕ ಬೈದದ್ದು ಆ ಹೊತ್ತಿನಲ್ಲಿ.

ಉಳಿದ ಸವೆತವೂ ಇದೇ ದಾರಿ. ಮ್ಯಾಗಜೀನನ್ನು ಹಾಕಿ ತೆಗೆದು ಹಾಕಿ ತೆಗೆದು ಗೂಡಿನ ಬಾಯಿ ಸವೆಸಿದೆ. ಮೇಲ್ಮುಚ್ಚಳದ ಏಣುಗಳನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಲ್ಲಿ ನಾಲ್ಕೈದು ಸಲ ಸವರಿದೆ, ಬೂದು ಕಾಣುತ್ತಲೇ ನಿಲ್ಲಿಸಿದೆ. ಕೈಯಾಡುವ ಜಾಗಕ್ಕೆ 6ಬಿ ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ ಬೆರಳಲ್ಲಿ ಉಜ್ಜಿದೆ. ಮ್ಯಾಟ್ ಕಪ್ಪಿನ ಮೇಲೆ ಗ್ರಾಫೈಟ್ ಕೂತರೆ ಪ್ಲಾಸ್ಟಿಕ್ ಅನ್ನುವುದೇ ಮರೆತುಹೋಗುತ್ತೆ, ತಣ್ಣಗಿನ ಲೋಹದ ಹೊಳಪು ಬರುತ್ತೆ. ಇದರಷ್ಟು ಅಗ್ಗದ, ಇದರಷ್ಟು ಚೆನ್ನಾಗಿರುವ ಉಪಾಯ ನನಗೆ ಗೊತ್ತಿಲ್ಲ. ಆದರೆ ಇದರ ಮೇಲೆ ಮ್ಯಾಟ್ ವಾರ್ನಿಶ್ ಹೊಡೆದರೆ ಹೊಳಪು ಸತ್ತುಹೋಗುತ್ತೆ. ಹಾಗಾಗಿ ಗ್ರಾಫೈಟನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ ಹಾಗೇ ಬಿಟ್ಟೆ. ಕೈಗೆ ಸ್ವಲ್ಪ ಮಸಿ ಹತ್ತುತ್ತೆ, ಹತ್ತಲಿ.

ಮರ ಮಾಡುವುದು ನಿಧಾನದ ಕೆಲಸ, ನನಗೆ ತುಂಬಾ ಹಿಡಿಸಿದ ಕೆಲಸವೂ ಅದೇ. ಪ್ಲಾಸ್ಟಿಕ್ ಹಿಂಗಟ್ಟನ್ನು, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗವನ್ನು, 120 ನಂಬರಿನ ಒರಟು ಕಾಗದದಲ್ಲಿ ಉದ್ದುದ್ದಕ್ಕೆ ಮಾತ್ರ ಎಳೆದೆ. ಅಡ್ಡ ಹೋದರೆ ಕೆಟ್ಟಿತು. ಆ ಗೀರುಗಳೇ ಮರದ ನಾರು. ಅದರ ಮೇಲೆ ಹಸಿ ಮಣ್ಣಿನ ಹಳದಿ ಬಣ್ಣ. ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಆಯಿಲ್ ಪೇಂಟನ್ನು ತೆಳ್ಳಗೆ ಬಳಿದೆ. ಇಪ್ಪತ್ತು ನಿಮಿಷ ಬಿಟ್ಟು, ಒಣ ಗಡುಸು ಬ್ರಷ್ಷನ್ನು ಒಂದೇ ಉಸಿರಲ್ಲಿ ಈ ತುದಿಯಿಂದ ಆ ತುದಿಗೆ ಎಳೆದೆ. ಎಣ್ಣೆ ಬಣ್ಣ ಬೇಗ ಒಣಗಲ್ಲ, ಅದು ಇಲ್ಲಿ ಅನುಕೂಲವೇ. ಸರಿ ಕಾಣದಿದ್ದರೆ ಒರೆಸಿ ಮತ್ತೆ ಶುರು ಮಾಡಬಹುದು. ಆರು ಸಲ ಒರೆಸಿದೆ. ನಿಜವಾದ ಎ.ಕೆ.ಎಂ.ಗಳಲ್ಲಿ ಬರ್ಚ್ ಮರದ ಪ್ಲೈವುಡ್ ಇರುತ್ತಿತ್ತು. ಹಾಗಾಗಿ ಸಣ್ಣ ಬ್ರಷ್ಷಿನಲ್ಲಿ ಪದರದ ಗೆರೆಗಳನ್ನೂ ಎಳೆದೆ. ಕೆನ್ನೆ ಕೂರುವ ಕಡೆ ಇನ್ನೊಂದಿಷ್ಟು ಕಂದು. ಮೇಲೆ ಕಿತ್ತಳೆ ಬೆರೆಸಿದ ವಾರ್ನಿಶ್. ಹಿಂಗಟ್ಟಿನ ತಳಕ್ಕೆ ಬೀಗದ ಕೈ ಗೊಂಚಲಿನಿಂದ ನಾಲ್ಕು ಪೆಟ್ಟು, ನೆಲಕ್ಕೆ ಊರುವ ಜಾಗ ಅದು.

ಕೊಳೆಗೆ ಕಂದು ಮತ್ತು ಕಪ್ಪು ಆಯಿಲ್ ಪೇಂಟನ್ನು ವೈಟ್ ಸ್ಪಿರಿಟ್‌ನಲ್ಲಿ ಚಹಾದ ಡಿಕಾಕ್ಷನ್ ಹದಕ್ಕೆ ಕರಗಿಸಿ, ಸಂದುಗಳಿಗೆ ಬ್ರಷ್ಷಿನ ತುದಿ ತಾಗಿಸಿದೆ. ತಾನೇ ಹರಿದುಹೋಗುತ್ತೆ, ದವಡೆ ಹಲ್ಲಿನ ಸಂದಿನಲ್ಲಿ ಹರಿದಂತೆಯೇ. ಉಳಿದದ್ದನ್ನು ಕಿವಿ ಕಡ್ಡಿಯಿಂದ ಒರೆಸಿದೆ. ಸ್ಕ್ರೂ ಬಿಗಿದ ಕಡೆ ಈ ದ್ರವ ಕೊಳದಂತೆ ನಿಲ್ಲಬಾರದು, ಒತ್ತಡದಲ್ಲಿರುವ ಎಬಿಎಸ್ ಸೀಳುತ್ತೆ. ತುಕ್ಕು ಬಹಳ ಕಮ್ಮಿ, ಎರಡು ರಿವೆಟ್ಟುಗಳ ಬುಡದಲ್ಲಿ ಮಾತ್ರ. ಸೈನಿಕ ಗನ್ನಿಗೆ ಎಣ್ಣೆ ಹಾಕುತ್ತಾನೆ ಸ್ವಾಮಿ, ಅದೇನು ಹೊಲದಲ್ಲಿ ಬಿಟ್ಟ ಗುದ್ದಲಿಯಾ?

ಒಂದು ಎಡವಟ್ಟು ಈ ಸಲವೂ ಆಯಿತು. ಹಿಂಗಟ್ಟಿನ ಕೊನೇ ವಾರ್ನಿಶನ್ನು ಮಳೆ ಹನಿಯುವ ದಿನ ಹೊಡೆದೆ. ಅರ್ಧ ಗಂಟೆಯಲ್ಲಿ ಅದರ ಮೇಲೆಲ್ಲ ಬಿಳೀ ಮಬ್ಬು, ಕನ್ನಡಿಗೆ ಉಸಿರು ಬಿಟ್ಟ ಹಾಗೆ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಂಡಿತ್ತು. ಒಣ ದಿನ ಕಾದು ಮೇಲೊಂದು ಹೊಳಪಿನ ಕೋಟ್ ಹೊಡೆದೆ, ಬಹುಪಾಲು ಹೋಯಿತು. ತಳದಲ್ಲಿ ಒಂದು ಮಚ್ಚೆ ಉಳಿದಿದೆ. ಎಲ್ಲಿ ಅಂತ ಹೇಳಲ್ಲ.

ಬೆಳಿಗ್ಗೆ ಎದ್ದು ಬಂದಾಗ ಅಕ್ಕ ಮೇಜಿನ ಹತ್ತಿರ ನಿಂತು ಬಗ್ಗಿ ನೋಡುತ್ತಿದ್ದಳು. ಕಮಾನಿನ ಮೇಲೆ ಉಗುರಾಡಿಸಿದಳು.

"ರಾತ್ರಿಯೆಲ್ಲ ಟಕ್ ಟಕ್ ಅಂತಿದ್ದೆಯಲ್ಲ, ನೋಡಿಲ್ಲಿ. ಲಿವರ್ ಉಜ್ಜಿ ಉಜ್ಜಿ ಬಣ್ಣವೇ ಹೋಗಿದೆ. ಅಷ್ಟು ದಿನ ಕೂತು ಬಣ್ಣ ಹೊಡೆದೆ, ಕೆಳಗೊಂದು ವಾಷರ್ ಹಾಕೋಕೆ ಗೊತ್ತಾಗಲಿಲ್ವಾ?"

"ಹಾಕ್ತೀನಿ ಅಕ್ಕ" ಅಂದೆ.